ನಮ್ಮ ಮರದ ಚಕ್ಕೋತ

ದೇವನಹಳ್ಳಿ ಪಕ್ಕದ ನಮ್ಮ ಹೊಲ ವಿಮಾನ ನಿಲ್ದಾಣಕ್ಕೆ ಹೋಯಿತು, ಹಿತ್ತಿಲಿನ ಚಕ್ಕೋತದ ಮರ ಉಳಿಯಿತು. ನಮ್ಮ ಯಜಮಾನರಿಗೆ ನಿಲ್ದಾಣದ ಸರಕು ವಿಭಾಗದಲ್ಲೇ ಕೆಲಸ ಸಿಕ್ಕಿತ್ತು. ಒಂದು ಬೆಳಿಗ್ಗೆ ಅಲ್ಲಿಯೇ ಹೊಟ್ಟೆ ಹಿಡಿದುಕೊಂಡು ಕುಸಿದರು. ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸಣ್ಣಕರುಳು ಕೊಳೆತಿತ್ತು. ಅದನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದರು.

ಆಮೇಲೆ ಒಂದು ವರ್ಷ ಅವರ ಊಟವೆಲ್ಲ ಡ್ರಿಪ್ಪಿನಲ್ಲೇ. ಕೊನೆಗೆ, ತೀರಿಹೋದ ಯಾರದೋ ಮನೆಯವರು ದೊಡ್ಡ ಮನಸ್ಸು ಮಾಡಿ ಕರುಳು ಕೊಟ್ಟರು. ಕಸಿ ಕೂತಿತು. ಅವರು ಮತ್ತೆ ಮುದ್ದೆ ನುಂಗಿದ ದಿನ ಅತ್ತೆ ದೇವರ ಮುಂದೆ ಕೂತು ಅತ್ತರು.

ದೇಹ ಹೊಸ ಕರುಳನ್ನು ತಿರಸ್ಕರಿಸದ ಹಾಗೆ ಬೆಳಿಗ್ಗೆ ಸಂಜೆ ಮಾತ್ರೆ ಕೊಡಬೇಕಿತ್ತು. ಹಣ್ಣು ಕೊಡುವುದಾದರೆ ಸಿಪ್ಪೆ ದಪ್ಪಗಿರುವುದನ್ನು ಮನೆಯಲ್ಲೇ ಸುಲಿದು ಕೊಡಿ ಎಂದು ಡಾಕ್ಟರು ಹೇಳಿದ್ದರು. ಹೊಸದೇನೇ ಕೊಡುವ ಮುಂಚೆ ಕೇಳಿ ಎಂದೂ ಹೇಳಿದ್ದರು. ನಾನು ಕಟ್ಟುನಿಟ್ಟಿನವಳು. ಸೋಂಕು ತಗುಲೀತೆಂದು ನೆಂಟರನ್ನೂ ಹೊಸ್ತಿಲಾಚೆಯೇ ನಿಲ್ಲಿಸಿ ಗಯ್ಯಾಳಿ ಅನ್ನಿಸಿಕೊಂಡೆ.

ಕಾಯಿಲೆ ಬಿದ್ದು ಬಾಯಿ ಕೆಟ್ಟವರಿಗೆ ನಮ್ಮ ಕಡೆ ಚಕ್ಕೋತ ಕೊಡುವುದು ರೂಢಿ. ಮರದ ತುಂಬ ಹಣ್ಣಿತ್ತು. ದಿನಾ ಬೆಳಿಗ್ಗೆ ಒಂದು ಬಿಡಿಸಿ, ಬಿಳಿ ಪೊರೆ ತೆಗೆದು, ಕೆಂಪು ತೊಳೆಗಳನ್ನು ತಟ್ಟೆಗಿಡುತ್ತಿದ್ದೆ. ಅವರು ಮಗುವಿನ ಹಾಗೆ ಕಾದು ತಿನ್ನುತ್ತಿದ್ದರು.

"ಡಾಕ್ಟ್ರನ್ನ ಒಂದ್ಮಾತು ಕೇಳಿದ್ಯೇನಮ್ಮಾ?" ಎಂದು ಅತ್ತೆ ಕೇಳಿದ್ದರು.

"ನಮ್ಮ ಮರದ್ದೇ ಅಲ್ವಾ ಅತ್ತೆ, ಅದ್ಕೇನು ಕೇಳೋದು?" ಎಂದಿದ್ದೆ.

ತಿಂಗಳೊಳಗೆ ಅವರ ಕೈ ನಡುಗತೊಡಗಿತು, ಪಾದ ಊದಿತು. ಡಾಕ್ಟರು ರಕ್ತಪರೀಕ್ಷೆ ನೋಡಿ ಏನೇನು ತಿನ್ನಿಸುತ್ತಿದ್ದೀರಿ ಎಂದರು. ಚಕ್ಕೋತದ ಹೆಸರನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆ ಹಣ್ಣು ತಿಂದರೆ ಮಾತ್ರೆ ಬೇಗ ಕರಗಿ ಹೋಗದೆ ರಕ್ತದಲ್ಲೇ ಏರುತ್ತದಂತೆ, ಏರಿದ್ದು ಕಿಡ್ನಿಯನ್ನು ಕೆಡಿಸುತ್ತದಂತೆ.

ಹಣ್ಣು ನಿಲ್ಲಿಸಿದೆವು. ಕೆಟ್ಟ ಕಿಡ್ನಿ ಸರಿಹೋಗಲಿಲ್ಲ. "ಆ ಮಾತ್ರೆ ಹೇಗಿದ್ರೂ ಕಿಡ್ನಿಗೆ ಭಾರಾನೇ ಅಮ್ಮ, ಎಲ್ಲಾ ನಿಮ್ಮಿಂದ್ಲೇ ಆಗಿದ್ದಲ್ಲ" ಎಂದರು ಡಾಕ್ಟರು. ಹಾಗಾದರೆ ಎಷ್ಟು ನನ್ನಿಂದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಣ್ಣುತ್ತಿರುವುದು ಅವರು.

ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಕುಡಿಯುವ ನೀರನ್ನೂ ನಾನು ಅಳೆದು ಕೊಡುತ್ತೇನೆ.

ಮರಕ್ಕೆ ಇದೆಲ್ಲ ಗೊತ್ತಿಲ್ಲ, ಮುಂದಿನ ಸಲವೂ ಹಣ್ಣು ಬಿಟ್ಟಿತು. ಅತ್ತೆ ಹಣ್ಣು ಕೀಳಿಸಿ ಬೀದಿಗೆಲ್ಲ ಹಂಚುತ್ತಿದ್ದರು. ಜಗುಲಿಯಲ್ಲಿ ಕೂತಿದ್ದ ಇವರು ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಸಿಪ್ಪೆಯನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದರು. ನಾನು ಒಳಗಿನಿಂದ ಓಡಿಬಂದು ಕಿತ್ತುಕೊಂಡೆ.

"ಮೂಸಕ್ಕೂ ಡಾಕ್ಟ್ರನ್ನ ಕೇಳ್ಬೇಕೇನೇ?" ಎಂದು ನಕ್ಕರು. ನನ್ನನ್ನು ರೇಗಿಸಲೆಂದೇ ಅಂದದ್ದು.

ನಾನು ಕೇಳಿಯೇಬಿಡೋಣವೆಂದು ಫೋನು ತೆಗೆದು ಆಸ್ಪತ್ರೆಗೆ ಕರೆ ಮಾಡಿದೆ. ಅವರು ನಗು ನಿಲ್ಲಿಸಿ, ನಡುಗುವ ಕೈಯಿಂದ ನನ್ನ ಸೆರಗು ಹಿಡಿದುಕೊಂಡರು.