ಸೌಡಮ್ಮಕ್ಕನ ಹನ್ನೊಂದು ಹಡಗು

ಈ ಬೆಳಿಗ್ಗೆ ಆರ್.ಎಸ್. ಪುರಂನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಗುಂಡಿ ಕೇಳಿದರು. ಅಂಗಡಿಯವರು ಡಬ್ಬಿಯನ್ನು ಗಾಜಿನ ಮೇಲೆ ಬೋರಲು ಹಾಕಿದರು, ಕೆಂಪು ಗುಂಡಿಗಳು ಚೆಲ್ಲಿಕೊಂಡವು. ಆಕೆ ಆರಿಸಿಕೊಳ್ಳುವ ಮೊದಲೇ ನನ್ನ ಬೆರಳು ಹೋಗಿ ಮೂರನ್ನು ಒಂದು ಪಕ್ಕಕ್ಕೆ, ಎರಡನ್ನು ಅಂಚಿಗೆ, ಮಿಕ್ಕವನ್ನು ಸಾಲಾಗಿ ನಡುವಿಗೆ ತಳ್ಳಿಬಿಟ್ಟಿತ್ತು. ಎಣಿಸಿದರೆ ಸರಿಯಾಗಿ ಹನ್ನೊಂದು. ಆಕೆ ನನ್ನ ಮುಖ ನೋಡಿದರು. ನಾನು ಹುಕ್ಕನ್ನೂ ಕೊಳ್ಳದೆ ಹೊರಗೆ ಬಂದೆ. ನಲವತ್ತಮೂರು ವರ್ಷದ, ಡಾಕ್ಟರೇಟ್ ಬೇರೆ ಮಾಡಿಕೊಂಡ ಹೆಂಗಸು ಗುಂಡಿ ಅಂಗಡಿಯಲ್ಲಿ ನೌಕಾವ್ಯೂಹ ರಚಿಸಿದರೆ ನೀವಾದರೂ ಏನೆಂದುಕೊಳ್ಳುತ್ತೀರಿ?

ನನ್ನ ಹೊಟ್ಟೆಪಾಡೇ ಅದು ಎಂದು ಮೊದಲೇ ಹೇಳಿಬಿಡುತ್ತೇನೆ. ಯಾವ ದೇಶ ಯಾವ ಸಮುದ್ರದಲ್ಲಿ ಎಷ್ಟು ಹಡಗು ನಿಲ್ಲಿಸಿದೆ, ಏಕೆ ನಿಲ್ಲಿಸಿದೆ, ಇಂಥ ಜಲಸಂಧಿಯನ್ನು ಒಬ್ಬರು ಮುಚ್ಚಿದರೆ ಇನ್ನೊಬ್ಬರು ಏನು ಮಾಡಿಯಾರು ಎಂದು ಓದಿ ಬರೆಯುವುದು. ಇದನ್ನು ಮಾಡುವ ಸಂಸ್ಥೆ ಸಮುದ್ರದ ದಡದಲ್ಲಿರಬೇಕಲ್ಲವೇ? ನಮ್ಮದು ಕೊಯಮತ್ತೂರಿನಲ್ಲಿ, ಪಂಪ್‌ಸೆಟ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದೆ. ಮೋಟಾರು ಮಾಡಿ ಹಣ ಕಂಡ ಹಿರಿಯರೊಬ್ಬರಿಗೆ ದೇಶದ ಭದ್ರತೆಯ ಬಗ್ಗೆ ಯೋಚನೆ ಹತ್ತಿ ಅದನ್ನು ಸ್ಥಾಪಿಸಿದರು. ಅಲೆ ನೋಡಬೇಕೆಂದರೆ ಪಾಲಕ್ಕಾಡಿನ ಕಣಿವೆ ದಾಟಿ ಕೇರಳಕ್ಕೆ ಹೋಗಬೇಕು. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ಕಿಚಾಯಿಸುವುದಿದೆ: "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಾರೆ. ನೀನೊಬ್ಬಳೇ ನೋಡವ್ವ, ಊರಿಗೆ ಬಂದು ನೀರಿಗೆ ಬರದೆ ಕೂತಾಕಿ." ನಿಜ. ನಾನು ಸಮುದ್ರವನ್ನು ಕಣ್ಣಾರೆ ನೋಡಿರುವುದು ನಾಲ್ಕೇ ಸಲ, ಅದರಲ್ಲಿ ಒಂದು ಸಲ ಜ್ವರ.

ಬಂದ ಹೊಸದರಲ್ಲಿ ನನಗೆ ಮನೆ ಸಿಕ್ಕಿದ್ದು ಕನ್ನಡದಿಂದ. ಆರ್.ಎಸ್. ಪುರಂನ ಹಿಂದಿನ ಗಲ್ಲಿಯಲ್ಲಿ ಹೆಂಚಿನ ಮನೆಯೊಂದರ ಮುಂದೆ ನಿಂತು ಅಮ್ಮನಿಗೆ, ಇಲ್ಲೂ ಮನೆ ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಒಳಗಿನಿಂದ ವಯಸ್ಸಾದ ಹೆಂಗಸು ಬಂದು ಕಂಬ ಹಿಡಿದು ಕೇಳಿದರು: "ನಮ್ ಮಾತು ಮಾತಾಡ್ತೀಯೇ. ಯಾವೂರು ಅಮ್ಮಣಿ?" ಅವರೇ ಸೌಡಮ್ಮಕ್ಕ. ನೇಯ್ಗೆಯವರ ಮನೆತನ. ಎಷ್ಟು ತಲೆಮಾರಿನ ಹಿಂದೆ ಘಟ್ಟ ಇಳಿದು ಬಂದರೋ ಅವರಿಗೂ ಗೊತ್ತಿಲ್ಲ. ಅಂಗಡಿ, ಬಸ್ಸು, ಬ್ಯಾಂಕು ಎಲ್ಲ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಮಾತ್ರ ಕನ್ನಡ. ಆ ಕನ್ನಡದ ಅಕ್ಷರ ಅವರಿಗೆ ಬಾರದು. ಅವರ ಗಂಡ ಮಿಲ್ಲಿನಲ್ಲಿದ್ದು ಈ ಮನೆ ಮಾಡಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಳಗವೆಂದರೆ ಮಡತ್ತುಕುಳಂನಲ್ಲಿರುವ ತಂಗಿ ಮತ್ತು ಆ ತಂಗಿಯ ಮಗಳು. ಮನೆಯೊಳಗೆ ಕನ್ನಡಕ್ಕೆ ಉತ್ತರ ಕೊಡುವವರು ಯಾರೂ ಇಲ್ಲದೆ ಒಂಬತ್ತು ವರ್ಷವಾಗಿತ್ತು. ಅಷ್ಟನ್ನು ಹೇಳಿ ಮಹಡಿಯ ಕೋಣೆಯ ಬೀಗದ ಕೈ ಕೊಟ್ಟರು. ಬಾಡಿಗೆಯ ಮಾತು ಮಾರನೆಯ ದಿನ ಬಂತು.

ನನ್ನ ಕನ್ನಡ ಅವರಿಗೆ ಒಂದು ತಮಾಷೆ. "ಪಾಠ ಒಪ್ಪಿಸ್ದಂಗೆ ಮಾತಾಡ್ತಿ" ಎನ್ನುವರು. ಭಾನುವಾರದ ಊಟ ಕೆಳಗೇ ಆಗಬೇಕೆಂದು ಅವರೇ ತೀರ್ಮಾನಿಸಿದರು. ನಾನೂ ಬಹಳ ಬಿಗುಮಾನ ಮಾಡಲಿಲ್ಲ. ವಾರವಿಡೀ ಉಪಗ್ರಹದ ಚಿತ್ರಗಳಲ್ಲಿ ಬಂದರುಗಳನ್ನು ದಿಟ್ಟಿಸುವವಳಿಗೆ, ಎದುರಿಗೆ ಕೂತು "ಇನ್ನೊಂಚೂರು ಹಾಕ್ಕೋ" ಎನ್ನುವವರೊಬ್ಬರು ಸಿಕ್ಕರೆ ಬೇರೇನು ಬೇಕು? ಒಂಟಿಯಾಗಿರುವುದು ನನಗೆ ಅಭ್ಯಾಸವಾಗಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅಭ್ಯಾಸವಾಗಿರಲಿಲ್ಲ.

ಅವರ ಮುಂಗೋಣೆಯ ನೆಲದಲ್ಲಿ ಮಗ್ಗದ ಕುಳಿ ಹಾಗೆಯೇ ಇತ್ತು. ಮಗ್ಗವನ್ನು ಯಾವಾಗಲೋ ಮಾರಿದ್ದರು. ಕುಳಿಯನ್ನು ಯಾರು ಕೊಳ್ಳುತ್ತಾರೆ? ಊಟವಾದ ಮೇಲೆ ಅಭ್ಯಾಸಬಲದಿಂದ ಅದರೊಳಗೆ ಕಾಲು ಇಳಿಬಿಟ್ಟು ಕೂರುವರು. ಮುಂದಿನ ನೆಲವೇ ಅವರ ಮೇಜು. ಒಂದು ಭಾನುವಾರ ನಾನು ಆಫೀಸಿನಿಂದ ತಂದಿದ್ದ ದೊಡ್ಡ ನಕ್ಷೆಯನ್ನು ಆ ನೆಲದ ಮೇಲೆ ಹರಡಿದೆ. ನಮ್ಮಲ್ಲಿ ಯುದ್ಧದಾಟ ಎಂಬುದೊಂದಿದೆ. ಇಬ್ಬರು ಎರಡು ಪಡೆಗಳಾಗಿ ಕೂತು, ವಾರಕ್ಕೊಂದು ನಡೆ ಎಂದು ಲೆಕ್ಕ ಹಿಡಿದು, ಹಡಗುಗಳನ್ನು ಸರಿಸುತ್ತ ಹೋಗುವುದು. ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಎಂದು ಬರೆದಿಟ್ಟುಕೊಳ್ಳುವುದು. ಒಬ್ಬಳೇ ಎರಡೂ ಕಡೆ ಆಡಿ ಆಡಿ ನನಗೆ ಸಾಕಾಗಿತ್ತು. ನನಗೆ ನಾನೇ ಸೋಲುತ್ತಿದ್ದೆ, ನನಗೆ ನಾನೇ ಮೋಸ ಮಾಡುತ್ತಿದ್ದೆ. ಹಡಗುಗಳ ಬದಲಿಗೆ ಎರಡು ಬಣ್ಣದ ಗುಂಡಿಗಳಿದ್ದವು, ಒಂದೊಂದು ಬಣ್ಣಕ್ಕೆ ಹನ್ನೊಂದು. ಯಾವುದು ಬೇಕು ಎಂದೆ.

"ಕುಂಕುಮದ ಬಣ್ಣ ಇರೋವಾಗ ನೀಲಿ ಯಾರ್ ತಕ್ಕೊಳ್ತಾರೆ? ಕೆಂಪು ನಮ್ದು."

ಇಲ್ಲಿ ನಿಮಗೆ ಒಂದು ವಿಷಯ ತಿಳಿಯಬೇಕು. ನಮ್ಮ ವಿದ್ಯೆಯಲ್ಲಿ ನೀಲಿಯೆಂದರೆ ನಾವು, ಕೆಂಪೆಂದರೆ ಶತ್ರು. ಅದನ್ನು ಅವರಿಗೆ ಆಗಲೇ ಹೇಳಬೇಕಿತ್ತು. ವಿವರಿಸಬೇಕಲ್ಲ ಎಂಬ ಸೋಮಾರಿತನಕ್ಕೆ ಬಿಟ್ಟೆ. ಆಮೇಲೆ ಬಿಟ್ಟದ್ದು ಸೋಮಾರಿತನಕ್ಕಲ್ಲ.

ಯಾಕೆಂದರೆ ಅವರು ಆಡಿದ ಆಟವನ್ನು ನಾನು ಎಲ್ಲೂ ನೋಡಿರಲಿಲ್ಲ. ನಮ್ಮ ಆಫೀಸಿನಲ್ಲಿ ಯಾರು ಕೆಂಪಾದರೂ ಮೂರನೆಯ ನಡೆಗೆ ಗುಡುಗುತ್ತಿದ್ದರು, ಆರನೆಯದಕ್ಕೆ ಮುಳುಗುತ್ತಿದ್ದರು. ಶತ್ರು ಎಂದ ಮೇಲೆ ಅವನಿಗೆ ಸ್ವಲ್ಪ ಕೇಡೂ ಸ್ವಲ್ಪ ದಡ್ಡತನವೂ ಇರಬೇಕಲ್ಲ. ಸೌಡಮ್ಮಕ್ಕ ಮೊದಲು ಕೇಳಿದ್ದು, "ಒಂದು ಕಪ್ಪಲಲ್ಲಿ ಎಷ್ಟ್ ಜನ?" ಹಡಗಿಗೆ ಇನ್ನೂರು ಎಂದೆ. "ಅವರ್ಗೆ ಸೋರು?" ಅನ್ನದ ವ್ಯವಸ್ಥೆ ಆಟದಲ್ಲಿಲ್ಲ ಎಂದೆ. "ಇಲ್ಲದಿದ್ರೆ ಎಂಗೆ?" ಎಂದು ಹನ್ನೊಂದರಲ್ಲಿ ಎರಡು ಗುಂಡಿಯನ್ನು ತೆಗೆದು, ಇವು ಅಕ್ಕಿ ಸಾಗಿಸುವ ಕಪ್ಪಲು, ಇವುಗಳ ತಂಟೆಗೆ ಬರಬೇಡ ಎಂದು ನನಗೇ ತಾಕೀತು ಮಾಡಿದರು. ನನ್ನ ನೀಲಿ ಹಡಗು ಎಲ್ಲಿ ನಿಂತರೂ ಅದರ ಪಕ್ಕಕ್ಕೆ ತಮ್ಮದೊಂದನ್ನು ತಂದು ನಿಲ್ಲಿಸುವರು. ಹೊಡೆಯುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. "ಸಂಡೆ, ಜಗಳ ಎಲ್ಲಾ ಯಾತಕ್ಕೆ? ನಿಂತಿದ್ರೆ ಆಯ್ತು. ನಿನಗೇ ಬೇಜಾರಾಗಿ ಓಗ್ತಿ." ನನಗೆ ಬೇಜಾರಾಯಿತು. ಹೋದೆ. ಇದೇ ಮಾತನ್ನು ಹೇಳಲು ನನ್ನ ಕಪಾಟಿನಲ್ಲಿ ಇಂಗ್ಲಿಷಿನ ನಾಲ್ಕು ದಪ್ಪ ಪುಸ್ತಕಗಳಿವೆ.

ಒಂದು ಸಲ ಅವರ ಕೈಗೆ ಜಲಸಂಧಿಯನ್ನು ಮುಚ್ಚುವ ಅವಕಾಶ ಬಂತು. ಮುಚ್ಚಿದರೆ ನಾನು ಮುಗಿದಂತೆಯೇ. ಅವರು ಮುಚ್ಚಲಿಲ್ಲ. ಯಾಕೆಂದು ಕೇಳಿದೆ.

"ಆ ಸಂದು ನಂಗೂ ಬೇಕಲ್ಲ. ನಮ್ ಬೀದೀಲಿ ಎದುರು ಮನೆಯೋಳ ಜೊತೆ ಮಾತು ಬಿಟ್ಟಿದ್ದೆ, ಎರಡ್ ವರ್ಷ. ಆದ್ರೂ ಪಾವು ಆಸೋ ದಿನ ಅವಳೂ ಬಂದು ಇಡೀಬೇಕು, ನಾನೂ ಓಗಿ ಇಡೀಬೇಕು. ಅವಳ ಮೇಲಿನ ಕೋಪಕ್ಕೆ ಬೀದೀಲಿ ಪಳ್ಳ ತೋಡಿದ್ರೆ, ನಾಳೆ ನನ್ ಪಾವು ಎಲ್ಲಿ ಆಸ್ಲಿ?"

ಪಾವು ಎಂದರೆ ಸೀರೆಯ ಉದ್ದದ ಎಳೆಗಳು. ನೇಯ್ಗೆಯವರ ಬೀದಿಗಳಲ್ಲಿ ಬೆಳಗಿನ ಹೊತ್ತು ಅದನ್ನು ಬೀದಿಯುದ್ದಕ್ಕೂ ಬಿಗಿದು ಹಾಸಿ ಗಂಜಿ ಕೊಡುತ್ತಾರೆ. ಒಂದು ಮನೆಯವರ ಕೈ ಸಾಲದು. ಜಗಳವಿದ್ದವರೂ ಬಂದು ಹಿಡಿಯಬೇಕು, ಹಿಡಿದು ಮುಖ ತಿರುಗಿಸಿಕೊಂಡು ಹೋಗಬಹುದು. ನಾನು ಊಟದ ಕೈಯನ್ನೂ ಒರೆಸಿಕೊಳ್ಳದೆ ಅದನ್ನು ಬರೆದುಕೊಂಡೆ. ಎಣ್ಣೆಯ ಕಲೆ ಈಗಲೂ ಆ ನೋಟ್‌ಬುಕ್ಕಿನಲ್ಲಿದೆ.

ನಮ್ಮ ನಿರ್ದೇಶಕರು ನೌಕಾಪಡೆಯಿಂದ ನಿವೃತ್ತರಾದವರು, ಸುಲಭಕ್ಕೆ ಮೆಚ್ಚುವ ಕುಳವಲ್ಲ. ನನ್ನ ಟಿಪ್ಪಣಿಗಳನ್ನು ಓದಿ ಕನ್ನಡಕ ತೆಗೆದಿಟ್ಟರು. ಆ ಕಡೆಯವರು ನಿಜವಾಗಿ ಹೀಗೆಯೇ ಯೋಚಿಸುತ್ತಾರೆ, ಇಷ್ಟು ವರ್ಷ ನಾವು ನಮ್ಮ ಕಲ್ಪನೆಯ ರಾಕ್ಷಸನ ಜೊತೆ ಆಡುತ್ತಿದ್ದೆವು ಎಂದರು. ಕಾರಣ ನನಗೆ ಗೊತ್ತಿತ್ತು. ಕೆಂಪನ್ನು ತಮ್ಮದೆಂದುಕೊಂಡು ಆಡಿದವರು ಸೌಡಮ್ಮಕ್ಕ ಒಬ್ಬರೇ. ಅವರಿಗೆ ಸತ್ಯ ಹೇಳಿದರೆ ಆ ಆಟ ಅಲ್ಲಿಗೇ ಕೆಡುತ್ತಿತ್ತು. ಹಾಗಾಗಿ ಹೇಳಲಿಲ್ಲ. ಇದನ್ನು ಸಂಶೋಧನೆಯ ಶಿಸ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವರದಿ ಅಚ್ಚಾಯಿತು. ನನ್ನ ಜಂಬ ನೋಡಿ: ಒಂದು ಪ್ರತಿಯನ್ನು ತಂದು ಅವರ ಕೈಗೇ ಕೊಟ್ಟೆ. ಇದರಲ್ಲಿ ನಿಮ್ಮ ಆಟ ಇದೆ ಅಕ್ಕ ಎಂದೆ. ಅವರು ಸೆರಗಿನಿಂದ ಒರೆಸಿ ದೇವರ ಗೂಡಿನಲ್ಲಿ, ಸೌಡೇಶ್ವರಿಯ ಪಟದ ಪಕ್ಕದಲ್ಲಿ ಇಟ್ಟರು. ಇಂಗ್ಲಿಷು ಅವರಿಗೆ ಬಾರದು ಎಂಬ ಧೈರ್ಯ ನನಗಿತ್ತು. ಆ ಧೈರ್ಯವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾವು ಎರಡನೆಯ ಸುತ್ತಿನ ಆಟದ ನಡುವೆ ಇದ್ದಾಗ ಮಡತ್ತುಕುಳಂನಿಂದ ತಂಗಿಯ ಮಗಳು ಬಂದರು. ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ದೊಡ್ಡಮ್ಮ ಹೆಮ್ಮೆಯಿಂದ ಪುಸ್ತಕ ತೆಗೆದುಕೊಟ್ಟಿರಬೇಕು. ಅವರು ಓದಿ ಅರ್ಥ ಹೇಳಿದ್ದಾರೆ. ಅದರಲ್ಲಿ ನಾನು ಬರೆದಿದ್ದದ್ದು ಹೀಗೆ: ಶತ್ರುಪಡೆಯ ಸ್ಥಾನದಲ್ಲಿ ಸೈನಿಕ ವಿಷಯಗಳ ತಿಳಿವಳಿಕೆಯಿಲ್ಲದ ಒಬ್ಬ ವೃದ್ಧ ನೇಕಾರ ಮಹಿಳೆಯನ್ನು ಕೂರಿಸಲಾಗಿತ್ತು, ಆ ಅಜ್ಞಾನವೇ ನಮಗೆ ಉಪಯುಕ್ತವಾಯಿತು. ಹೆಸರೂ ಹಾಕಿರಲಿಲ್ಲ.

ಭಾನುವಾರ ಎಂದಿನಂತೆ ಇಳಿದು ಹೋದೆ. ನಕ್ಷೆ ಮಡಚಿಟ್ಟಿತ್ತು. ಅವರು ಕುಳಿಯಲ್ಲಿ ಕೂತಿರಲಿಲ್ಲ, ಗೋಡೆಗೆ ಒರಗಿ ನಿಂತಿದ್ದರು.

"ವಾರವಾರ ನನ್ ಕೈ ಊಟ ಉಂಡು, ನನ್ನೇ ಎದಿರಿ ಜಾಗ್ದಲ್ಲಿ ಕೂಡ್ಸಿದ್ಯಾ ಅಮ್ಮಣಿ?"

ಎದಿರಿ ಎಂದರೆ ಶತ್ರು. ಅದು ಬರೀ ಆಟ ಅಕ್ಕ, ನಮ್ಮಲ್ಲಿ ಬಣ್ಣಗಳಿಗೆ ಹಾಗೊಂದು ಪದ್ಧತಿ ಎಂದೆ. ನನ್ನ ಮಾತು ನನಗೇ ಪಾಠ ಒಪ್ಪಿಸಿದ ಹಾಗೆ ಕೇಳಿಸಿತು. ಅವರು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಎದುರಾದಾಗ ಅವರು, "ಕೆಳಂಬೀಟ್ಟೀಂಗಳಾ?" ಎಂದರು. ಹೊರಟಿರಾ ಎಂದು ತಮಿಳಿನಲ್ಲಿ. ನಾನು ಕನ್ನಡದಲ್ಲಿ ಹೂಂ ಎಂದೆ. "ಸರಿಂಗ, ಪೋಯಿಟ್ಟು ವಾಂಗ." ಆಗಲಿ, ಹೋಗಿ ಬನ್ನಿ ಎಂದು. ಎಷ್ಟು ಮರ್ಯಾದೆ ನೋಡಿ. ಕೊಯಮತ್ತೂರಿನ ತಮಿಳಿನಷ್ಟು ವಿನಯದ ಮಾತು ಇನ್ನೆಲ್ಲೂ ಇಲ್ಲ ಎನ್ನುತ್ತಾರೆ. ನನಗೆ ಆ ಒಂದೊಂದು 'ಂಗ'ವೂ ಬಾಗಿಲು ಹಾಕಿದಂತೆ ಕೇಳಿಸಿತು. ನೀನು ಹೋಗಿ ನೀವು ಬಂದಿತ್ತು, ಅಮ್ಮಣಿ ಹೋಗಿ ಮೇಡಂ ಬಂದಿತ್ತು. ಹಾಲಿನವರ ಜೊತೆ, ಗ್ಯಾಸಿನವರ ಜೊತೆ ಆಡುವ ಭಾಷೆ. ಅವರು ಮನೆ ಬಿಡಿ ಎನ್ನಲಿಲ್ಲ, ಬಾಡಿಗೆ ಏರಿಸಲಿಲ್ಲ, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನ್ನನ್ನು ಹೊಸಿಲಿನ ಹೊರಗೆ ಇಟ್ಟರು, ಅಷ್ಟೇ. ಹೀಗೆ ಒಂದೂವರೆ ವರ್ಷ.

ಬೇರೆ ಮನೆ ನೋಡಬಹುದಿತ್ತು. ನೋಡಲಿಲ್ಲ. ಭಾನುವಾರಗಳಂದು ಮಹಡಿಯಲ್ಲಿ ಒಬ್ಬಳೇ ಮೊಸರನ್ನ ಕಲಸಿಕೊಂಡು ಕೂತಾಗ, ಕೆಳಗೆ ಒಂದೇ ತಟ್ಟೆ ತೊಳೆಯುವ ಸದ್ದು ಕೇಳುತ್ತದೆ. ಅಲ್ಲಿ ಅವರಿಗೂ ನನ್ನ ತಟ್ಟೆಯ ಸದ್ದು ಕೇಳುತ್ತಿರಬೇಕು. ಇಬ್ಬರ ಬಾಯಲ್ಲೂ ಕನ್ನಡ ಇದೆ, ನಡುವೆ ಹದಿನಾಲ್ಕು ಮೆಟ್ಟಿಲು.

ಅಂಗಡಿಯಿಂದ ಬಂದವಳು ಇಂದು ಮೇಲೆ ಹತ್ತದೆ ನೇರ ಅವರ ಬಾಗಿಲಿಗೆ ಹೋದೆ. ದಾರಿಯುದ್ದಕ್ಕೂ ಒಂದು ವಾದ ಸಿದ್ಧಪಡಿಸಿಕೊಂಡಿದ್ದೆ. ನಾವು ಯಾರ ಹಡಗುಗಳನ್ನು ಎಣಿಸುತ್ತೇವೋ ಅವರ ಸೇನೆಯ ಆಟಗಳಲ್ಲಿ ಕೆಂಪೇ ತಮ್ಮವರು, ನೀಲಿ ಶತ್ರು. ಹಾಗೆ ನೋಡಿದರೆ ಎದಿರಿ ನೀವಲ್ಲ ಅಕ್ಕ, ನಾನೇ ಎನ್ನಬೇಕೆಂದಿದ್ದೆ. ಒಳ್ಳೆಯ ವಾದ, ವಿಚಾರ ಸಂಕಿರಣದಲ್ಲಿ ಚಪ್ಪಾಳೆ ಬೀಳುವಂಥದ್ದು. ಅವರು ಮುಂಗೋಣೆಯಲ್ಲಿ ಮೊರ ಹಿಡಿದು ಬೇಳೆ ಆರಿಸುತ್ತಿದ್ದರು. ಆ ಮುಖ ನೋಡಿದ ಮೇಲೆ ವಾದ ಬಾಯಿಗೆ ಬರಲಿಲ್ಲ.

"ಅಕ್ಕ, ಮೊದಲ ದಿನವೇ ನನಗೆ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ. ಹೇಳಿದ್ದರೆ ನೀವು ಹಾಗೆ ಆಡುತ್ತಿರಲಿಲ್ಲ. ನನ್ನ ಪುಸ್ತಕಕ್ಕೆ ನಿಮ್ಮ ಆಟ ಬೇಕಿತ್ತು. ತಪ್ಪು ಮಾಡಿದೆ."

ಅವರು ಮೊರದಿಂದ ಕಣ್ಣೆತ್ತಲಿಲ್ಲ. ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕೆ ಹಾಕಿದರು. "ಸರಿಂಗ" ಎಂದರು. ಅಷ್ಟೇ ಎಂದುಕೊಂಡು ತಿರುಗಿದೆ.

"ಆ ಆಟ ಮುಗೀತಾ?"

ಕನ್ನಡದಲ್ಲಿ ಕೇಳಿದ್ದರು. ನಾನು ಬಾಗಿಲ ಬಳಿಯೇ ಕೂತೆ. ಎರಡನೆಯ ವರದಿಯ ಗಡುವಿತ್ತು, ನಾವು ನಿಲ್ಲಿಸಿದಲ್ಲಿಂದ ಆಫೀಸಿನಲ್ಲಿ ಮುಗಿಸಿದೆವು ಎಂದೆ.

"ನನ್ ಕಪ್ಪಲು?"

ಇನ್ನೊಂದು ಸುಳ್ಳು ಹೇಳುವುದು ಆ ಕ್ಷಣಕ್ಕೆ ಎಷ್ಟು ಸುಲಭವಾಗಿತ್ತು. "ಏಳು ಮುಳುಗಿದವು ಅಕ್ಕ" ಎಂದೆ.

ಅವರ ಕೈ ನಿಂತಿತು. "ಯಾರ್ ಕೈಗೆ ಕೊಟ್ಟೆ?"

"ನಮ್ಮ ನಿರ್ದೇಶಕರ ಕೈಗೆ."

"ಅವರ್ಗೆ ತಿಳಿದಿತ್ತಾ, ಅವು ಎದಿರಿ ಕಪ್ಪಲು ಅಂತ?"

"ತಿಳಿದಿತ್ತು."

"ಅದುಕ್ಕೇ ಮುಳುಗ್ಸವ್ರೆ."

ಅಷ್ಟು ಹೇಳಿ ಮತ್ತೆ ಬೇಳೆಗೆ ಕೈ ಹಾಕಿದರು. ಹೋಗು ಎನ್ನಲಿಲ್ಲ, ಒಳಗೆ ಬಾ ಎಂದೂ ಎನ್ನಲಿಲ್ಲ. ನಾನು ಕೂತೇ ಇದ್ದೆ.