ಒಂಟಿ ಜೇನಿಗೊಂದು ಮನೆ

1997ರಲ್ಲಿ ದಸರಾ ರಜೆ ಮುಗಿದು ತಾಂಡವಪುರದ ಬಳಿಯ ಹಳ್ಳಿ ಶಾಲೆ ತೆರೆದ ದಿನ, ಮೂರನೇ ತರಗತಿಯ ಬೀಗಕ್ಕೆ ಕೀಲಿ ಇಳಿಯಲಿಲ್ಲ. ಹೆಡ್‌ಮಾಸ್ಟರ್ ಮಹದೇವಯ್ಯ ಕಡ್ಡಿಯಿಂದ ಕೆದಕಿದರೆ ಹಸಿರು ಎಲೆಚೂರುಗಳು ಸುರುಳಿಯಾಗಿ ಉದುರಿದವು.

"ಯಾವನ್ಲಾ ಎಲೆ ತುರುಕಿದೋನು?"

"ಮಕ್ಕಳಲ್ಲ ಸರ್, ಜೇನು," ಎಂದರು ಚಂಪಕ ಟೀಚರ್.

ಚಂಪಕ ನಂಜನಗೂಡಿನ ಅರ್ಚಕರ ಮನೆಯ ಮಗಳು. ನಲವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಹಿತ್ತಲಿನ ಗುಲಾಬಿ ಎಲೆಗಳನ್ನು ಯಾರೋ ಬಿಲ್ಲೆಯಂತೆ ಕತ್ತರಿಸುತ್ತಿದ್ದಾಗ ಕಾದು ಕುಳಿತು ಈ ಜೇನನ್ನು ಕಂಡುಹಿಡಿದಿದ್ದರು. ಅಂದು ಗಣಿತ ಬಿಟ್ಟು ಅದರ ಕಥೆಯನ್ನೇ ಹೇಳಿದರು. ಇದಕ್ಕೆ ರಾಣಿಯಿಲ್ಲ, ಬಳಗವಿಲ್ಲ. ಒಬ್ಬಳೇ ತೂತು ಹುಡುಕಿ, ಎಲೆ ಹಾಸಿ, ಪರಾಗ ತುಂಬಿ, ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತಾಳೆ. ಅವಳ ತಂಟೆಗೆ ಹೋಗದಿದ್ದರೆ ಕುಟುಕುವುದಿಲ್ಲ.

ಮುಂದಿನ ಸಾಲಿನ ನಯನ ಕೇಳಿದಳು, "ಒಬ್ಳೇ ಇದ್ರೆ ಬೇಜಾರಾಗಕಿಲ್ವಾ ಮಿಸ್?"

"ನಾನೂ ಒಬ್ಬಳೇ ಇರೋದು. ಬೇಜಾರಾದೋಳ ಥರ ಕಾಣ್ತೀನೇನೇ?"

ನಯನ ದಿಟ್ಟಿಸಿ ನೋಡಿ, "ಇಲ್ಲ, ನಿಮ್ಗೆ ಟೈಮೇ ಇಲ್ಲ," ಎಂದಳು.

ನೆಂಟರ ಬಾಯಲ್ಲಿ ಒಂಟಿತನದ ಮಾತು ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದ ಚಂಪಕ, ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅದ್ರ ಮನೆ ಕಿತ್ತಾಕ್ಬುಟ್ವಲ್ಲ, ನಾವೇ ಒಂದು ಕಟ್ಕೊಡವಾ ಮಿಸ್?" ಎಂದ ಬಸವೇಶ.

ಸ್ಲೇಟುಗಳ ಮೇಲೆ ಮನೆಗಳೆದ್ದವು. ಬಸವೇಶನ ಮನೆಗೆ ಟೀವಿ ಆಂಟೆನಾವೂ ಇತ್ತು. "ಆಂಟೆನಾ ಇರಲಿ, ಅವಳ ಮೈ ಎಷ್ಟು ದಪ್ಪ?" ಎಂದರು ಚಂಪಕ. ಪೆನ್ಸಿಲ್ ತೂರುವಷ್ಟು ತೂತು ಸಾಕೆಂದು ತೀರ್ಮಾನವಾಯಿತು. ನಯನಳ ಅಪ್ಪ ಶಿವಣ್ಣ ಸಣ್ಣ ಬಿದಿರನ್ನು ತುಂಡು ಮಾಡಿಕೊಟ್ಟ. ಮನೆಯೆಂದ ಮೇಲೆ ಹಿತ್ತಿಲ ಬಾಗಿಲು ಬೇಡವೇ? ಮಕ್ಕಳು ಗೆಣ್ಣುಗಳನ್ನೂ ಕೊರೆದು ತೆಗೆದರು. ತುಂಡುಗಳನ್ನು ಡಾಲ್ಡಾ ಡಬ್ಬದಲ್ಲಿ ಜೋಡಿಸಿ, ತಳ ತೆಗೆದ ಆ ಡಬ್ಬವನ್ನು ತೊಗರಿ ಹೊಲದ ಕಡೆಯ ಗೋಡೆಗೆ ಕಟ್ಟಿದರು.

ದಿನಗಳು ಕಳೆದರೂ ಜೇನು ಬರಲಿಲ್ಲ. ಬಂದದ್ದು ಇರುವೆ.

ಯಾಕೆ ಬರಲಿಲ್ಲವೆಂದು ಚಂಪಕ ಹೇಳಿಕೊಡಲಿಲ್ಲ. ಜೇನೊಂದು ಹೋಗಿಬರುತ್ತಿದ್ದ ಹಳೇ ಬಾಗಿಲುವಾಡದ ತೂತಿನ ಮುಂದೆ ಮಕ್ಕಳನ್ನು ನಿಲ್ಲಿಸಿದರು. ಅದು ಹೊರಗೆ ಹಾರಿದಾಗ ನಯನ ಮೆಲ್ಲಗೆ ಹುಲ್ಲುಕಡ್ಡಿ ತೂರಿಸಿದಳು. ಕಡ್ಡಿ ಸ್ವಲ್ಪ ಹೋಗಿ ನಿಂತಿತು.

"ಮಿಸ್, ಇದ್ಕೆ ಇತ್ಲು ಬಾಗ್ಲೇ ಇಲ್ಲ!"

ಓಡಿಹೋಗಿ ಕೆರೆ ಮಣ್ಣು ತಂದು ಎಲ್ಲ ಬಿದಿರಿನ ಹಿಂದಿನ ಬಾಯಿ ಮೆತ್ತಿದರು.

ಕೆಲವು ದಿನಗಳ ಮೇಲೆ, ಹೊಟ್ಟೆಯಡಿ ತೊಗರಿ ಎಲೆಯ ಚೂರು ಅವಚಿಕೊಂಡು ಜೇನೊಂದು ಬಂತು. ಒಂದೊಂದೇ ಬಾಗಿಲು ಇಣುಕಿ, ಕೊನೆಗೆ ಬಸವೇಶ ಕೊರೆದಿದ್ದ ಬಿದಿರಿಗೆ ನುಗ್ಗಿತು. ಮಕ್ಕಳು ಉಸಿರು ಬಿಗಿಹಿಡಿದು ಕುಳಿತರು. ಮೂರನೇ ತರಗತಿಯಲ್ಲಿ ಸದ್ದೇ ಇಲ್ಲವೆಂದು ಗಾಬರಿಯಾಗಿ ಬಂದ ಮಹದೇವಯ್ಯ ತಾವೂ ಕುಕ್ಕರುಗಾಲಲ್ಲಿ ಕುಳಿತರು.

"ನಮ್ಮನೇಗೆ ಬಂತು ಸಾ," ಎಂದು ಬಸವೇಶ ಪಿಸುಗುಟ್ಟಿದ.

"ಸುಮ್ನಿರ್ಲಾ, ಎದ್ರಿಕೊಂಡಾತು!" ಎಂದರು ಮಹದೇವಯ್ಯ.

ವರ್ಷ ಕಳೆದಂತೆ ಆ ಊರಿನ ಕೊಟ್ಟಿಗೆಗಳಲ್ಲೂ ಇಂಥ ಡಬ್ಬಗಳು ತೂಗಾಡಿದವು. 2003ರಲ್ಲಿ ಚಂಪಕರಿಗೆ ಮೂಗೂರಿಗೆ ವರ್ಗವಾಯಿತು. ಹೊರಟ ದಿನ ಮಕ್ಕಳು ಬಿದಿರಿನ ತುಂಡುಗಳ ಕಟ್ಟೊಂದನ್ನು ಅವರ ತೊಡೆಯ ಮೇಲಿಟ್ಟು ಬಸ್ಸಿನಿಂದ ಇಳಿದರು.

"ಏನ್ ಮಿಸ್, ಕೊಳಲಾ?" ಎಂದ ಕಂಡಕ್ಟರ್.

"ಅಲ್ಲಪ್ಪ, ಮನೆಗಳು," ಎಂದು ಚಂಪಕ ಕಟ್ಟನ್ನು ಕಿಟಕಿಯ ಕಡೆಗೆ ಸರಿಸಿ, ಅವನಿಗೆ ಕೂರಲು ಜಾಗ ಮಾಡಿ, ಬೀಗದ ಕಥೆಯಿಂದಲೇ ಶುರುಮಾಡಿದರು.