ಏನೂ ಮಾಡದವರ ಗುಂಪು

ಓಣಿಯವರೆಲ್ಲ ಅವಳನ್ನು ಬುಗುರಿಯಮ್ಮ ಎಂದೇ ಕರೆಯುತ್ತಿದ್ದರು. ಅರವತ್ತೆಂಟರಲ್ಲೂ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕೂತು ಮಾಡುವ ಕೆಲಸದಲ್ಲೂ ಕಾಲು ಆಡುತ್ತಿರಲಿ ಎಂದೇ ಹೊಲಿಗೆ ಯಂತ್ರ ಹಿಡಿದವಳಿರಬೇಕು. ಇಂಥವಳನ್ನು ಆಸ್ಪತ್ರೆಯವರು ಸೇರಿಸಿದ್ದು ಯಾವ ಗುಂಪಿಗೆ ಗೊತ್ತೇ? ಏನೂ ಮಾಡದವರ ಗುಂಪಿಗೆ.

ಆಗಿದ್ದಿಷ್ಟು. ಊಟದ ಕ್ರಮ ತಿದ್ದಿಕೊಂಡು, ವ್ಯಾಯಾಮ ಮಾಡಿದರೆ ವಯಸ್ಸಾದ ಹೆಂಗಸರ ಜೀವಕೋಶಗಳು ಮುದಿಯಾಗುವುದು ನಿಧಾನವಾದೀತೇ ಎಂದು ಅಲ್ಲಿ ಒಂದು ವರ್ಷದ ಅಧ್ಯಯನ ನಡೆದಿತ್ತು. ಕೋಶದೊಳಗಿನ ಎಳೆಗಳ ತುದಿ ವಯಸ್ಸಾದಂತೆ ಸವೆಯುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಥಟ್ಟನೆ ಅರ್ಥವಾಯಿತು. ಅಂಚು ಹೊಲಿಯದ ಬಟ್ಟೆ ಬಿಚ್ಚಿಕೊಳ್ಳುವುದನ್ನು ಅವಳು ನೋಡದ ದಿನವಿಲ್ಲ. ಚೀಟಿ ಎತ್ತಿದರು. ಕೆಲವರಿಗೆ ಪಥ್ಯ, ಕೆಲವರಿಗೆ ನಡಿಗೆ, ಕೆಲವರಿಗೆ ಎರಡೂ. ಇವಳಿಗೆ ಯಾವುದೂ ಇಲ್ಲ.

"ನೀವು ಹೇಗಿದ್ದೀರೋ ಹಾಗೇ ಇರಿ, ಅಮ್ಮ. ಉಳಿದವರನ್ನ ನಿಮ್ಮ ಜೊತೆ ಹೋಲಿಸಿ ನೋಡ್ತೀವಿ" ಎಂದಳು ನರ್ಸ್.

ಹಾಗೇ ಇರಲು ಅವಳು ಬಂದಿರಲಿಲ್ಲ. ಮನೆಯಲ್ಲಿ ಮಗಳಿದ್ದಳು. ವಯಸ್ಸು ನಲವತ್ತು, ಬುದ್ಧಿ ಏಳೆಂಟರದ್ದು. ತಲೆ ಬಾಚುವುದಕ್ಕೂ ಅಮ್ಮನೇ ಬೇಕು. ತಾನು ಹೋದಮೇಲೆ ಇವಳಿಗೆ ಯಾರು ಎಂಬ ಹುಳ ಹಗಲಿಡೀ ತಲೆ ಕೊರೆಯುತ್ತಿತ್ತು. ಮಗಳಿಗಿಂತ ಒಂದೇ ಒಂದು ದಿನ ಹೆಚ್ಚು ಬದುಕಿದರೆ ಸಾಕಿತ್ತು ಅವಳಿಗೆ. ಯಾವ ತಾಯಿಯೂ ಬಾಯಿಬಿಟ್ಟು ಹೇಳಲಾರದ ಆಸೆ ಅದು.

ಹತ್ತು ದಿನ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಹನ್ನೊಂದನೆಯ ಸಂಜೆ ಐದಕ್ಕೆ ಮಗಳನ್ನು ಕಿಟಕಿಯ ಬಳಿ ಕೂರಿಸಿ ಹೊರಟೇಬಿಟ್ಟಳು. ಮೊದಮೊದಲು ಮನೆಯ ಸುತ್ತಲೇ ಸುತ್ತು. ಪ್ರತಿ ಸುತ್ತಿಗೂ ಕಿಟಕಿಯಲ್ಲಿ ಇಣುಕಬೇಕು. ಆಮೇಲೆ ಓಣಿಯ ತುದಿ. ಆಮೇಲೆ ಸೇತುವೆಯವರೆಗೆ, ಒಂದು ಗಂಟೆ. ಸಕ್ಕರೆ ಬಿಟ್ಟಳು, ಕರಿದದ್ದು ಬಿಟ್ಟಳು, ಸೊಪ್ಪು ಹೆಚ್ಚಿಸಿದಳು. ತಿಂಗಳಿಗೊಮ್ಮೆ ನರ್ಸ್ ಫೋನ್ ಮಾಡಿದರೆ "ಎಲ್ಲಾ ಮೊದಲಿನ ಹಾಗೇ" ಎನ್ನುವಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಫೋನ್ ಇಟ್ಟ ಮೇಲೆ ಹೊಲಿಗೆ ಸೊಟ್ಟ ಬೀಳುತ್ತಿತ್ತು.

ವರ್ಷ ತುಂಬಿ, ಕೊನೆಯ ರಕ್ತ ತೆಗೆಯಲು ನರ್ಸ್ ತೋಳಿಗೆ ಪಟ್ಟಿ ಬಿಗಿದಾಗ ಬುಗುರಿಯಮ್ಮನಿಗೆ ತಡೆಯಲಾಗಲಿಲ್ಲ.

"ಸುಳ್ಳು ಹೇಳ್ದೆ ಕಣ್ರೀ. ದಿನಾ ನಡೀತಿದ್ದೆ. ಊಟಾನೂ ಬದಲಾಯಿಸ್ದೆ."

"ಅಯ್ಯೋ! ಹಾಗಾದ್ರೆ ನಿಮ್ಮನ್ನ ಈ ಗುಂಪಲ್ಲಿ ಹೇಗೆ ಇಟ್ಕೊಳ್ಳೋದು?"

"ಬಿಡಿ, ತೆಗೆದುಹಾಕಿ. ಎಷ್ಟು ವರ್ಷ ಜಾಸ್ತಿ ಸಿಕ್ತು, ಅದನ್ನ ಹೇಳಿ ಸಾಕು."

"ಅದನ್ನ ಯಾವ ರಕ್ತಾನೂ ಹೇಳಲ್ಲಮ್ಮ" ಎಂದು ನರ್ಸ್ ಮೆಲ್ಲಗೆ ಪಟ್ಟಿ ಬಿಚ್ಚಿದಳು.

ಅತ್ತ ಅಧ್ಯಯನವೂ ಕೆಟ್ಟಿತು, ಇತ್ತ ಆಯುಸ್ಸಿನ ಸುದ್ದಿಯೂ ಸಿಗಲಿಲ್ಲ. ಬುಗುರಿಯಮ್ಮ ಮನೆಗೆ ಬಂದವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಆ ಸಂಜೆ ಕಾಲು ಮೊದಲ ಬಾರಿಗೆ ಆಡಲೊಲ್ಲದು. ಒಂದು ವರ್ಷ ಯಾರಿಗೆ ಮೋಸ ಮಾಡಿದೆ, ಯಾಕೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡಳು.

ಐದು ಹೊಡೆಯಿತು. ಮಗಳು ಗಡಿಯಾರ ನೋಡಿದಳು, ಅಮ್ಮನನ್ನು ನೋಡಿದಳು, ಮುಖ ಸಿಂಡರಿಸಿದಳು.

"ಅಮ್ಮಾ, ಇನ್ನೂ ಹೋಗಿಲ್ವಾ? ಇದು ನಾನೊಬ್ಳೇ ಇರೋ ಟೈಮು."

"ನಿಂಗೆ ಭಯ ಆಗಲ್ವೇನೇ?"

"ಮೊದ್ಲು ಆಗ್ತಿತ್ತು. ಈಗಿಲ್ಲ. ಹೋಗು."

ಬುಗುರಿಯಮ್ಮನಿಗೆ ನಗು ಬಂತು, ಅಳುವೂ ಬಂತು. ಎದ್ದವಳು ಯಾವುದನ್ನು ಮೊದಲು ಮುಗಿಸಬೇಕೋ ತಿಳಿಯದೆ ನಿಂತೇ ಇದ್ದಳು, "ಬಾಗಿಲು ಹಾಕ್ಕೊಂಡು ಹೋಗು" ಎಂದು ಮಗಳು ಗದರುವವರೆಗೂ.